ಗೋಲು ಹೊಡೆಯದ ನಾಯಕಿ

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್. ಈ ವರ್ಷ ಅವಳನ್ನೇ ನಾಯಕಿಯನ್ನಾಗಿ ಆರಿಸಿದ್ದಾರೆ. ಅವಳು ಗೋಲು ಹೊಡೆಯುವವಳಲ್ಲ, ಮಾತೂ ಕಡಿಮೆ. ಉಳಿದ ಹುಡುಗಿಯರು ಅವಳ ಮಾತು ಕೇಳುತ್ತಾರೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಕೇಳುತ್ತಾರೆ. ಭಾರತ ತಂಡವನ್ನು ಹಲವು ವರ್ಷ ಮುನ್ನಡೆಸಿದ ಮಣಿಪುರದ ಆಶಾಲತಾ ದೇವಿ ಡಿಫೆಂಡರ್. 2022ರಲ್ಲಿ ಯುರೋಪ್ ದೇಶಗಳ ಮಹಿಳಾ ಟೂರ್ನಿಯಾದ ಯುರೋ ಪ್ರಶಸ್ತಿ ಗೆದ್ದ ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್‌ಸನ್ ಕೂಡ ಡಿಫೆಂಡರ್. ಹಿಂದೆ ನಿಂತು ಆಡುವವಳಿಗೆ ಇಡೀ ಮೈದಾನ ಕಣ್ಣೆದುರಿಗೇ ಇರುವುದರಿಂದ, ಚೆಂಡು ಪಡೆಯಲು ಇತ್ತ ತಿರುಗಿರುವ ಗೆಳತಿಯ ಬೆನ್ನ ಹಿಂದೆ ಎದುರಾಳಿ ಬರುತ್ತಿರುವುದು ಎಲ್ಲರಿಗಿಂತ ಮೊದಲು ಅವಳಿಗೇ ಕಾಣುತ್ತದೆ. ಆ ಗಳಿಗೆಯಲ್ಲಿ ‘ಹಿಂದೆ ಬಂದ್ಲು’, ‘ಎಡಕ್ಕೆ ಕೊಡು’ ಎಂಬ ಎರಡು ಪದ ಸಾಕು. ಸದಾ ಕೂಗಾಡುವವಳ ದನಿಗೆ ತಂಡ ಬೇಗನೆ ಕಿವುಡಾಗುತ್ತದೆ. ಅಪರೂಪಕ್ಕೆ ಕೂಗುವವಳ ದನಿಗೆ ಎಲ್ಲರೂ ತಿರುಗಿ ನೋಡುತ್ತಾರೆ.

ನನ್ನ ದೃಷ್ಟಿಯಲ್ಲಿ ನಾಯಕಿಯ ನಿಜವಾದ ಪರೀಕ್ಷೆ ಗೋಲು ಬಿಟ್ಟುಕೊಟ್ಟ ಮರುನಿಮಿಷದಲ್ಲಿ ನಡೆಯುತ್ತದೆ. 2011ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್ ಪಂದ್ಯದಲ್ಲಿ ಅಮೆರಿಕದ ಎದುರು ಜಪಾನ್ ಎರಡು ಬಾರಿ ಹಿಂದೆ ಬಿದ್ದಿತ್ತು. ಎರಡನೆಯ ಬಾರಿ ಸಮ ಮಾಡಿದ್ದು 117ನೇ ನಿಮಿಷದಲ್ಲಿ, ಕಾರ್ನರ್‌ನಿಂದ ಬಂದ ಚೆಂಡಿಗೆ ಗೋಲಿನ ಹತ್ತಿರದ ಕಂಬದ ಬಳಿ ಕಾಲು ತಾಗಿಸಿದ ನಾಯಕಿ ಹೊಮಾರೆ ಸಾವಾ. ಆದರೆ ನನಗೆ ಅದಕ್ಕಿಂತಲೂ ಹೆಚ್ಚಿನದೆನಿಸುವುದು ಅನಂತರ ನಡೆದದ್ದು: ಪೆನಾಲ್ಟಿ ಶೂಟೌಟ್‌ನಲ್ಲಿ ಗೆಲುವಿನ ಒದೆತ ಸಾವಾ ಅವರದಾಗಿರಲಿಲ್ಲ, 20 ವರ್ಷದ ಡಿಫೆಂಡರ್ ಸಾಕಿ ಕುಮಗಾಯಿ ಅವರದಾಗಿತ್ತು. ತಾನಲ್ಲದೆ ಇನ್ನೊಬ್ಬಳು ಗೆಲ್ಲಿಸಬಹುದಾದ ತಂಡವನ್ನು ಕಟ್ಟುವುದು ಬಹಳ ದೊಡ್ಡ ಕೆಲಸ.

ಹೈಸ್ಕೂಲ್ ಮೈದಾನದ ಸಂಜೆಯ ಅಭ್ಯಾಸದಲ್ಲೇ ನಿಮ್ಮ ಮಗಳು ಇದನ್ನು ರೂಢಿಸಿಕೊಳ್ಳಬಹುದು. ಗೋಲು ಬಿದ್ದಾಗ ತಪ್ಪು ಯಾರದೆಂದು ಹುಡುಕದೆ, ಚೆಂಡನ್ನು ತಾನೇ ಎತ್ತಿಕೊಂಡು ನಡುಗೆರೆಯ ಕಡೆ ನಡೆಯಲಿ. ದಾರಿಯಲ್ಲಿ ಗೋಲ್‌ಕೀಪರ್ ಹುಡುಗಿಯ ಭುಜ ತಟ್ಟಲಿ. ತಪ್ಪಿನ ಚರ್ಚೆ ಪಂದ್ಯ ಮುಗಿದ ಮೇಲೆ, ತರಬೇತುದಾರರ ಎದುರಿನಲ್ಲಿ ಆಗಲಿ. ಬೆಂಚಿನಲ್ಲಿ ಕುಳಿತ ಬದಲಿ ಆಟಗಾರ್ತಿಯರನ್ನೂ ಅವಳು ಹೆಸರು ಹಿಡಿದು ಮಾತನಾಡಿಸಬೇಕು, ಏಕೆಂದರೆ ಅಲ್ಲಿ ಹುಟ್ಟುವ ಬೇಸರ ತಂಡವನ್ನು ಒಳಗಿನಿಂದ ಒಡೆಯುತ್ತದೆ.

ಪ್ರಶ್ನೆ: ರೆಫರಿಯ ತೀರ್ಪನ್ನು ಪ್ರಶ್ನಿಸುವ ಹಕ್ಕು ನಾಯಕಿಗೆ ಇದೆಯೇ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇಲ್ಲ. ತೋಳುಪಟ್ಟಿ ಕಟ್ಟಿದ ಮಾತ್ರಕ್ಕೆ ನಿಯಮಗಳಲ್ಲಿ ವಿಶೇಷ ಸವಲತ್ತು ಸಿಗುವುದಿಲ್ಲ. ತಂಡದ ನಡವಳಿಕೆಯ ಹೊಣೆಯಲ್ಲಿ ಒಂದು ಪಾಲು ಮಾತ್ರ ಅವಳ ಮೇಲಿರುತ್ತದೆ. ಆದರೆ ಮುಖ್ಯ ತೀರ್ಪುಗಳ ಬಗ್ಗೆ ನಾಯಕಿಯೊಬ್ಬಳೇ ರೆಫರಿಯ ಬಳಿ ಹೋಗಿ ವಿನಯದಿಂದ ಕೇಳಬಹುದು, ಉಳಿದವರು ದೂರವಿರಬೇಕು ಎಂಬ ವ್ಯವಸ್ಥೆಯನ್ನು ಟೂರ್ನಿಗಳು ಈಗ ಅಳವಡಿಸಿಕೊಳ್ಳಬಹುದಾಗಿದೆ. ಗೋಲ್‌ಕೀಪರ್ ನಾಯಕಿಯಾಗಿದ್ದರೆ ಈ ಕೆಲಸಕ್ಕೆ ಬೇರೊಬ್ಬ ಆಟಗಾರ್ತಿಯನ್ನು ಮೊದಲೇ ಹೆಸರಿಸಬೇಕಾಗುತ್ತದೆ. ನಿಮ್ಮ ಟೂರ್ನಿಯಲ್ಲಿ ಈ ವ್ಯವಸ್ಥೆ ಇದೆಯೇ ಎಂದು ಟಾಸ್‌ಗೆ ಮುಂಚೆಯೇ ರೆಫರಿಯನ್ನು ಕೇಳಿ ತಿಳಿದುಕೊಳ್ಳಿ.