ಉಡುಪಿಯ ನಮ್ಮ ಕಾಲೇಜು ನಾಟಕಕ್ಕೆ ಕಡಿಮೆ ಖರ್ಚಲ್ಲಿ ಅರಮನೆ ಸೆಟ್ ಮಾಡುವುದು ಹೇಗೆ?

ಇಡೀ ಅರಮನೆ ಕಟ್ಟಲು ಹೋಗಬೇಡಿ. ನಮ್ಮ ಯಕ್ಷಗಾನವನ್ನೇ ನೋಡಿ, ಅಲ್ಲಿ ಬಟ್ಟೆ ಹೊದಿಸಿದ ಒಂದು ಪೀಠವೇ ಸಿಂಹಾಸನ. ಉಳಿದದ್ದನ್ನು ಹಾಡು, ಮಾತು ಕಟ್ಟಿಕೊಡುತ್ತವೆ ಅಲ್ವಾ?

ನಿಮಗೆ ಎರಡು ಮೆಟ್ಟಿಲಿನ ಒಂದು ಅಟ್ಟಣೆ, ಒಂದು ದೊಡ್ಡ ಬಾಗಿಲು ಸಾಕು. ಮರದ ರೀಪಿನ ಚೌಕಟ್ಟಿಗೆ ದಪ್ಪ ಹತ್ತಿ ಬಟ್ಟೆ ಬಿಗಿದು ಬಣ್ಣ ಬಳಿಯಿರಿ. ಪ್ಲೈವುಡ್‌ಗಿಂತ ಹಗುರ, ಸಾಗಿಸಲೂ ಸುಲಭ. ಹೊಳೆಯುವ ಪೇಂಟ್ ಮಾತ್ರ ಬೇಡ, ಲೈಟ್ ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಬಣ್ಣವನ್ನು ಹಗಲಲ್ಲಿ ನೋಡಿ ಒಪ್ಪಬೇಡಿ, ನಾಟಕದ ಲೈಟಲ್ಲೇ ನೋಡಿ. ಹಸಿರು ಬೆಳಕಲ್ಲಿ ಕೆಂಪು ಹೆಚ್ಚುಕಡಿಮೆ ಕಪ್ಪಾಗಿಬಿಡುತ್ತದೆ. ಮಳೆಗಾಲವಾದರೆ ಒಣಗಲು ಜಾಸ್ತಿ ದಿನ ಇಟ್ಟುಕೊಳ್ಳಿ.

ಚೌಕಟ್ಟಿನ ಹಿಂದೆ ಓರೆಯಾಗಿ ಆಸರೆ ಕೊಟ್ಟು, ಬುಡಕ್ಕೆ ಮರಳಿನ ಚೀಲ ಇಡಿ. ಬಾಗಿಲು ಹಾಕಿದಾಗ ಅರಮನೆಯೇ ಅಲುಗಾಡಿದರೆ ಜನ ನಗುತ್ತಾರೆ!