ಕಲಿಯುವವನಿಗೂ ಕೂಲಿ ಬೇಡವೇ?

ಅಮೆರಿಕದ ನ್ಯೂಜೆರ್ಸಿಯಿಂದ ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ) ಬರೆದ ಪತ್ರದ ಸಾರ ಇಷ್ಟು: ಗಣಿತದಲ್ಲಿ ಚುರುಕಾಗಿದ್ದ ಮಗ ಎಂಜಿನಿಯರಿಂಗ್ ಒಲ್ಲೆನೆಂದು ಎಲೆಕ್ಟ್ರಿಷಿಯನ್‌ಗಳ ಯೂನಿಯನ್ನಿನ ಅಪ್ರೆಂಟಿಸ್ ತರಬೇತಿಗೆ ಸೇರಿದ್ದಾನೆ. ಕಲಿತ ಗಣಿತವೆಲ್ಲ ವ್ಯರ್ಥವಾಯಿತೆಂಬ ಕೊರಗು ಅವರದು. ಊರಿನ ನೆಂಟರಿಗೆ 'ಎಲೆಕ್ಟ್ರಿಕಲ್ ಲೈನಿನಲ್ಲಿದ್ದಾನೆ' ಎಂದಷ್ಟೇ ಹೇಳಿ ಫೋನ್ ಇಡುತ್ತಾರಂತೆ. ಬೇರೆ ಏನು ಹೇಳಲಿ ಎಂದು ನಮ್ಮನ್ನು ಕೇಳಿದ್ದಾರೆ.

ಪ್ರಿಯ ಓದುಗರೇ,

ನಿಮ್ಮ ಆತಂಕ ಪೂರ್ತಿ ಸುಳ್ಳಲ್ಲ. ಏಣಿಯ ಮೇಲಿನ ದುಡಿಮೆ ಮಂಡಿಯನ್ನು ತಿನ್ನುತ್ತದೆ. ಕಟ್ಟಡದ ಕೆಲಸಗಳು ಮಂದವಾದಾಗ ಯೂನಿಯನ್ನಿನ ಪಟ್ಟಿಯಲ್ಲಿ ಹೆಸರು ಬರೆಸಿ ಸರದಿಗೆ ಕಾಯಬೇಕಾಗುತ್ತದೆ. ಆ ದೇಶದ ಕಟ್ಟಡ ಕಸುಬಿನ ಯೂನಿಯನ್ನುಗಳು ಸದಸ್ಯರ ಮಕ್ಕಳಿಗೆ ಬಾಗಿಲು ತೆರೆದು, ಕಪ್ಪು ಜನರಿಗೆ ಬಹುಕಾಲ ಅದನ್ನು ಮುಚ್ಚಿಟ್ಟಿದ್ದವೆಂಬುದೂ ನಿಜ. ಇಷ್ಟನ್ನು ಒಪ್ಪಿಕೊಂಡ ಮೇಲೆ, ಉಳಿದದ್ದರಲ್ಲಿ ನಾನು ನಿಮ್ಮ ಮಗನ ಪಕ್ಷ.

ವಿದ್ಯುತ್ ಕೆಲಸಗಾರರ ಆ ಸಂಘವನ್ನು 1891ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕಟ್ಟಿದವರು ಕಂಬ ಹತ್ತುತ್ತಿದ್ದ, ತಂತಿ ಎಳೆಯುತ್ತಿದ್ದ ಜನ. ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ 1896ರಲ್ಲಿ ಲೈನಿನ ಕೆಲಸ ಮಾಡುತ್ತಿದ್ದಾಗಲೇ ಶಾಕ್ ಹೊಡೆದು ಬಿದ್ದು ತೀರಿಕೊಂಡ. ಪಳಗದ ಕೈ ವಿದ್ಯುತ್ತನ್ನು ಮುಟ್ಟಬಾರದೆಂಬ ಹಟ ಅಂಥ ಸಾವುಗಳಿಂದ ಬಂದದ್ದು. ಇಂದು ಯೂನಿಯನ್ನೂ ಗುತ್ತಿಗೆದಾರರ ಸಂಘವೂ ಜಂಟಿಯಾಗಿ ನಡೆಸುವ ತರಬೇತಿ ಸಾಮಾನ್ಯವಾಗಿ 5 ವರ್ಷದ್ದು: ನುರಿತವರ ಕೈಕೆಳಗೆ ಸುಮಾರು 8000 ಗಂಟೆಯ ಕೆಲಸ, ಅದರ ಜೊತೆಗೆ ತರಗತಿಯ ಪಾಠ. ಸೇರಬೇಕಾದರೆ ಬೀಜಗಣಿತದ ಪರೀಕ್ಷೆ ದಾಟಬೇಕು.

ಗಣಿತ ವ್ಯರ್ಥವಾಯಿತೆನ್ನುತ್ತೀರಲ್ಲ, ಅವನು ಪೈಪು ಬಾಗಿಸುವುದನ್ನು ಒಮ್ಮೆ ನಿಂತು ನೋಡಿ. ಗೋಡೆಯ ಮೇಲೆ 4 ಇಂಚಿನ ಅಡ್ಡಿಯೊಂದನ್ನು ದಾಟಿಸಿ ವೈರಿಂಗ್ ಪೈಪನ್ನು ಒಯ್ಯಬೇಕಾದರೆ, 8 ಇಂಚಿನ ಅಂತರದಲ್ಲಿ ಎರಡು ಪೆನ್ಸಿಲ್ ಗುರುತು ಹಾಕಿ, ಒಂದು ಕಡೆ ಮೇಲಕ್ಕೂ ಇನ್ನೊಂದು ಕಡೆ ಕೆಳಕ್ಕೂ 30 ಡಿಗ್ರಿ ಬಾಗಿಸುತ್ತಾನೆ. ಎಂಟೇ ಏಕೆಂದರೆ, 30 ಡಿಗ್ರಿಯ ಸೈನ್ ಅರ್ಧ: ಪೈಪು ಓರೆಯಾಗಿ 8 ಇಂಚು ಸಾಗಿದರೆ 4 ಇಂಚು ಮೇಲೇರುತ್ತದೆ. ನೀವೂ ನಾನೂ ಪರೀಕ್ಷೆಗೆಂದು ಉರುಹೊಡೆದು ಮರೆತ ತ್ರಿಕೋನಮಿತಿ ಅದು. ನಮ್ಮ ಲೆಕ್ಕ ತಪ್ಪಿದರೆ ಎರಡು ಅಂಕ ಹೋಗುತ್ತಿತ್ತು. ಅವನ ಲೆಕ್ಕ ತಪ್ಪಿದರೆ ಪೈಪು ಗೋಡೆಗೆ ಕೂರುವುದೇ ಇಲ್ಲ.

ನನಗೆ ಹೊಟ್ಟೆಕಿಚ್ಚಿರುವುದು ಅವನ ಸಂಬಳದ ಮೇಲೆ. ನುರಿತ ಕೆಲಸಗಾರನ ದರದ ಅರ್ಧದ ಆಸುಪಾಸಿನಲ್ಲಿ ಮೊದಲ ವಾರದಿಂದಲೇ ಶುರುವಾಗಿ, ಕಲಿತಂತೆಲ್ಲ ಅದು ಏರುತ್ತದೆ. ಹದಿನೆಂಟರ ವಯಸ್ಸಿನಲ್ಲಿ ನಾನೊಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಯಲು ನಿಂತಾಗ ಎಂಟು ತಿಂಗಳು ಬಿಡಿಗಾಸು ಕಂಡವನಲ್ಲ. ಅಚ್ಚಾದ ಪುಟವನ್ನು ಬಿಚ್ಚಿ ಒಂದೊಂದೇ ಅಕ್ಷರವನ್ನು ಅದರದರ ಮನೆಗೆ ಹಾಕುವುದು, ಸೀಮೆಎಣ್ಣೆಯಲ್ಲಿ ಮಸಿ ಒರೆಸುವುದು, ನಡುವೆ ಮಾಲೀಕರ ಮನೆಗೆ ತರಕಾರಿ ಮುಟ್ಟಿಸುವುದು, ಇಷ್ಟಕ್ಕೂ 'ವಿದ್ಯೆ ಕಲಿಸುತ್ತಿಲ್ಲವೇನಯ್ಯಾ' ಎಂಬ ಮಾತೇ ಪಗಾರ. ಇಂದಿಗೂ ನಮ್ಮ 1961ರ ಅಪ್ರೆಂಟಿಸ್ ಕಾಯ್ದೆಯ ಕಣ್ಣಿಗೆ ಕಲಿಯುವ ಹುಡುಗ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಅವನಿಗೆ ಸಲ್ಲುವುದು ಸ್ಟೈಪೆಂಡು, ಕೂಲಿಯಲ್ಲ. ಎರಡು ವರ್ಷ ಐಟಿಐ ಓದಿ ಬಂದ ಹುಡುಗನನ್ನು ಗ್ಲೌಸಿಲ್ಲದೆ ಕಂಬ ಹತ್ತಿಸುವ ಮೇಸ್ತ್ರಿಗಳನ್ನು ನಾನೇ ಕಂಡಿದ್ದೇನೆ. ಫಲಿತಾಂಶದ ದಿನ ಪತ್ರಿಕೆಗಳೆಲ್ಲ, ನಮ್ಮದೂ ಸೇರಿದಂತೆ, ರ‍್ಯಾಂಕ್ ಬಂದವರ ಫೋಟೊಗಳನ್ನು ಸಾಲಾಗಿ ಅಚ್ಚುಹಾಕುತ್ತೇವೆ. ಕಂಬ ಹತ್ತಿದ ಹುಡುಗನ ಫೋಟೊ ಬರುವುದು ಅವನು ಕಂಬದಿಂದ ಬಿದ್ದಾಗ ಮಾತ್ರ, ಅದೂ ಒಳಪುಟದಲ್ಲಿ.

ನೆಂಟರಿಗೆ ಏನು ಹೇಳಲಿ ಎಂದಿರಿ. ಎಲೆಕ್ಟ್ರಿಷಿಯನ್ ಎನ್ನಿ. ಸಂಬಳವೆಷ್ಟು ಎಂದು ಅವರು ಕೇಳಿಯೇ ಕೇಳುತ್ತಾರೆ. ಅದನ್ನೂ ಹೇಳಿ, ಆಮೇಲೆ ಫೋನ್ ಇಡಿ.

— ಸಂ.