ತನ್ನವರಿಗೆ ‘ಬೇಡ’ ಎಂದವರಿಗೆ ಕೊಡಿ

ಸಾಗರದ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: “ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫ್ಲೆಕ್ಸ್ ನೋಡಿದೆ. ಒಬ್ಬ ಸ್ವಾಮೀಜಿಗೆ ಅಂತರರಾಷ್ಟ್ರೀಯ ಶಾಂತಿ ಪ್ರಶಸ್ತಿ ಬಂದಿದೆಯಂತೆ. ಎಲ್ಲ ಬಿಟ್ಟು ಕಾವಿ ಉಟ್ಟವರಿಗೆ ಪ್ರಶಸ್ತಿ ಯಾಕೆ? ಜಗತ್ತಿನ ಅರ್ಧ ಜಗಳ ಧರ್ಮದ ಹೆಸರಲ್ಲೇ ನಡೆಯುವಾಗ ಧರ್ಮಗುರುಗಳಿಗೆ ಶಾಂತಿ ಪ್ರಶಸ್ತಿ ಕೊಡುವುದು ಸರಿಯೇ? ನೊಬೆಲ್‌ನವರೂ ಇದೇ ತಪ್ಪು ಮಾಡುತ್ತಾ ಬಂದಿಲ್ಲವೇ? ನಿಮ್ಮ ಅಭಿಪ್ರಾಯ ನೇರವಾಗಿ ಹೇಳಿ.”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಎರಡು ಸಾಲು ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ.

ಮೊದಲು ಆ ಫ್ಲೆಕ್ಸಿನ ಮಾತು. ಅಂಥ ಸುದ್ದಿ ನಮ್ಮ ಕಚೇರಿಗೂ ಬರುತ್ತವೆ, ಫೋಟೋ ಸಮೇತ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಮಠದ ಅಯ್ಯನವರು ಸ್ವತಃ ಶಿವಮೊಗ್ಗಕ್ಕೆ ಬಂದು ಒಂದು ಪತ್ರ ನನ್ನ ಮುಂದೆ ಇಟ್ಟರು. ಹೊಳೆಯುವ ಕಾಗದ, ಮೇಲೆ ಭೂಗೋಳದ ಚಿತ್ರ, ಪಾರಿವಾಳ. “ನೀವು ಶಾಂತಿ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ” ಅಂತ ಇತ್ತು. ಕೆಳಗೆ ನೋಂದಣಿ ಶುಲ್ಕ, ಫಲಕದ ಖರ್ಚು, ಹೋಟೆಲ್ ಖರ್ಚು ಅಂತ ಪಟ್ಟಿ. “ಇದು ನಿಜಾನಾ, ಸ್ವಲ್ಪ ನೋಡಿ ಹೇಳಿ” ಎಂದರು. “ಬುದ್ಧಿ, ಪ್ರಶಸ್ತಿ ಕೊಡೋರು ದುಡ್ಡು ಕೊಡ್ತಾರೆ, ಕೇಳೋದಿಲ್ಲ” ಎಂದೆ. ಅವರು ಏನೂ ಮಾತಾಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೋಳಿಗೆಗೆ ಹಾಕಿಕೊಂಡು ಎದ್ದರು. ಆ ಮುಖ ನನಗೆ ಇನ್ನೂ ನೆನಪಿದೆ. ಸಾಗರದ ಫ್ಲೆಕ್ಸೂ ಇದೇ ಥರದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಅಂತರರಾಷ್ಟ್ರೀಯ ಎಂಬ ಮಾತು ಕಂಡ ಕೂಡಲೇ ಕೈಮುಗಿಯಬೇಡಿ. ಕೊಟ್ಟವರು ಯಾರು, ಯಾವ ಕೆಲಸಕ್ಕೆ ಕೊಟ್ಟರು, ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂದು ಕೇಳಿ. ಇಷ್ಟು ಕೇಳಿದರೆ ಮುಕ್ಕಾಲು ಪಾಲು ಪ್ರಶಸ್ತಿ ಅಲ್ಲೇ ಉದುರಿ ಹೋಗುತ್ತದೆ.

ಇನ್ನು ನೊಬೆಲ್. ಆಲ್‌ಫ್ರೆಡ್ ನೊಬೆಲ್ 1895ರಲ್ಲಿ ಬರೆದ ಉಯಿಲಿನಲ್ಲಿ ಶಾಂತಿ ಪ್ರಶಸ್ತಿ ಯಾರಿಗೆ ಎಂದು ಹೇಳಿಟ್ಟಿದ್ದಾನೆ. ದೇಶ ದೇಶಗಳ ನಡುವೆ ಸೋದರತೆ ಬೆಳೆಸಿದವರಿಗೆ, ಸೈನ್ಯ ಕಡಿಮೆ ಮಾಡಲು ದುಡಿದವರಿಗೆ, ಶಾಂತಿ ಸಮಾವೇಶ ನಡೆಸಿದವರಿಗೆ. ಗುರುಗಳಿಗೆ ಕೊಡಿ ಎಂದೂ ಇಲ್ಲ, ಕೊಡಬೇಡಿ ಎಂದೂ ಇಲ್ಲ. ನಾರ್ವೆಯ ಸಂಸತ್ತು ಆರಿಸಿದ ಐದು ಜನರ ಸಮಿತಿ ತೀರ್ಮಾನ ಮಾಡುತ್ತದೆ. 1930ರಲ್ಲಿ ಮೊದಲ ಬಾರಿಗೆ ಒಬ್ಬ ಪಾದ್ರಿಗೆ ಈ ಪ್ರಶಸ್ತಿ ಬಂತು. ಸ್ವೀಡನ್ನಿನ ಆರ್ಚ್‌ಬಿಷಪ್ ನಾಥಾನ್ ಸೋಡರ್‌ಬ್ಲೋಮ್. ಮೊದಲನೇ ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದ ದೇಶಗಳ ಚರ್ಚುಗಳನ್ನು 1925ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಂದೇ ಕಡೆ ಕೂರಿಸಿದ್ದು ಅವರ ಕೆಲಸ. ಆಮೇಲೆ 1964ರಲ್ಲಿ ಅಮೆರಿಕದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್, 1979ರಲ್ಲಿ ಮದರ್ ತೆರೇಸಾ, 1984ರಲ್ಲಿ ದಕ್ಷಿಣ ಆಫ್ರಿಕಾದ ಬಿಷಪ್ ಡೆಸ್ಮಂಡ್ ಟುಟು, 1989ರಲ್ಲಿ ದಲೈ ಲಾಮಾ. ಪಟ್ಟಿ ಇನ್ನೂ ಇದೆ.

ಇವರಲ್ಲಿ ಯಾರಿಗೆ ಕೊಟ್ಟಿದ್ದು ಸರಿ ಎಂದು ನೋಡಲು ನನ್ನ ಹತ್ತಿರ ಒಂದೇ ಅಳತೆ ಇದೆ. ಶಾಂತಿ ಬೇಕು ಎಂದು ಎದುರಿನವರಿಗೆ ಹೇಳುವುದು ಕಷ್ಟವಲ್ಲ. ಎಲ್ಲ ಧರ್ಮದ ವೇದಿಕೆಯಲ್ಲೂ ಅದನ್ನು ಹೇಳುತ್ತಾರೆ. ತನ್ನವರು ಕಲ್ಲು ಎತ್ತಿದಾಗ ಅವರ ಕೈ ಹಿಡಿಯುವುದು ಕಷ್ಟ. ಕಾಣಿಕೆ ಹಾಕುವವರು ಅವರೇ, ಪಲ್ಲಕ್ಕಿ ಹೊರುವವರು ಅವರೇ. ಅವರ ಎದುರು ನಿಂತು ‘ಬೇಡ’ ಎಂದ ಗುರು ಯಾವ ಧರ್ಮದವರಾದರೂ ಆಗಲಿ, ಅವರಿಗೆ ಪ್ರಶಸ್ತಿ ಕೊಡಲಿ. ನನ್ನ ತಕರಾರಿಲ್ಲ.

ಟುಟು ಅವರನ್ನೇ ನೋಡಿ. ಪ್ರಶಸ್ತಿ ಬಂದ ಮರುವರ್ಷ, 1985ರ ಜುಲೈನಲ್ಲಿ, ದಕ್ಷಿಣ ಆಫ್ರಿಕಾದ ದುದುಝಾ ಎಂಬಲ್ಲಿ ಒಂದು ಶವಸಂಸ್ಕಾರ. ಪೊಲೀಸರ ಗುಂಡಿಗೆ, ಬಿಳಿಯರ ಕಾನೂನಿಗೆ ಬೆಂದು ಹೋಗಿದ್ದ ಜನ. ಅಲ್ಲೊಬ್ಬ ಕಪ್ಪು ಮನುಷ್ಯನನ್ನು ಪೊಲೀಸರ ಗೂಢಚಾರ ಎಂದು ಹಿಡಿದು ಸುಡಲು ಹೊರಟರು. ಟುಟು ಅವರ ಮಾತು ಕೇಳುವ ಜನ, ಅವರ ಹೋರಾಟದ ಜನ. ಟುಟು ಪಾದ್ರಿಯ ನಿಲುವಂಗಿಯಲ್ಲೇ ಗುಂಪಿನೊಳಗೆ ನುಗ್ಗಿದರು. ಇನ್ನೊಬ್ಬ ಬಿಷಪ್ ಜೊತೆ ಸೇರಿ ಆ ಮನುಷ್ಯನನ್ನು ಬಿಡಿಸಿ ಕಾರಿನಲ್ಲಿ ಕಳಿಸಿದರು. ಕೆಲವೇ ದಿನಗಳಲ್ಲಿ ಅದೇ ಊರಿನಲ್ಲಿ ಒಬ್ಬ ಹೆಣ್ಣುಮಗಳನ್ನು ಜನ ಸುಟ್ಟೇಬಿಟ್ಟರು. ಆಗ ಟುಟು, ಇದು ಹೀಗೇ ನಡೆದರೆ ನಾನು ಗಂಟುಮೂಟೆ ಕಟ್ಟಿಕೊಂಡು ಈ ದೇಶ ಬಿಟ್ಟು ಹೋಗುತ್ತೇನೆ ಎಂದರು. ಬಿಳಿಯರ ಸರ್ಕಾರವನ್ನು ಬೈದಾಗ ಚಪ್ಪಾಳೆ ಹೊಡೆದ ಜನಕ್ಕೇ ಈ ಮಾತು ಹೇಳಿದರು. ಅದಕ್ಕೆ ಎಂಥ ಗುಂಡಿಗೆ ಬೇಕು, ಹೇಳಿ.

ದಲೈ ಲಾಮಾ ಕೂಡ ಹಾಗೇ. 2008ರ ಮಾರ್ಚ್‌ನಲ್ಲಿ ಟಿಬೆಟ್ ಹೊತ್ತಿ ಉರಿಯಿತು. ಹಿಂಸೆ ಕೈಮೀರಿದರೆ ನಾನು ರಾಜೀನಾಮೆ ಕೊಡುತ್ತೇನೆ ಎಂದು ಅವರು ಹೇಳಿದ್ದು ತಮ್ಮ ಜನರಿಗೆ. ನಮಗೆ ಟಿಬೆಟ್ ದೂರದ ಮಾತಲ್ಲ. ಬೈಲುಕುಪ್ಪೆ, ಮುಂಡಗೋಡದಲ್ಲಿ ಅವರ ಊರುಗಳೇ ಇವೆ. ಚಳಿಗಾಲದಲ್ಲಿ ಸ್ವೆಟರ್ ಮಾರುವ ಒಬ್ಬ ಟಿಬೆಟನ್ ಅಮ್ಮನ ಅಂಗಡಿಯಲ್ಲಿ ಅವರ ಫೋಟೋ ನೋಡಿದ್ದೆ. ಆ ಪ್ರಶಸ್ತಿ ಬಂದಿದ್ದರಿಂದ ನಿಮಗೇನು ಸಿಕ್ಕಿತಮ್ಮ ಎಂದು ಕೇಳಿದೆ. “ನಾವು ಯಾರು ಅಂತ ಜನಕ್ಕೆ ಗೊತ್ತಾಯ್ತು” ಎಂದರು. ನೆಲ ಕಳೆದುಕೊಂಡವರಿಗೆ ಅದು ಸಣ್ಣ ವಿಷಯವಲ್ಲ.

ಗಾಂಧೀಜಿ ಮಠಾಧೀಶರಲ್ಲ, ನಿಜ. ಆದರೆ ಈ ಅಳತೆಗೆ ಅವರಷ್ಟು ಸರಿಯಾಗಿ ಹೊಂದುವವರು ನನಗೆ ಕಾಣುವುದಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಕಲ್ಕತ್ತದಲ್ಲಿ, 1948ರ ಜನವರಿಯಲ್ಲಿ ದೆಹಲಿಯಲ್ಲಿ, ಅವರು ಊಟ ಬಿಟ್ಟು ಮಲಗಿದ್ದು ತಮ್ಮವರ ಕೈಯಿಂದ ಆಯುಧ ಬೀಳಲಿ ಎಂದು. ದೆಹಲಿಯ ಉಪವಾಸ ಮುಗಿದ ಹನ್ನೆರಡನೇ ದಿನ ಅವರನ್ನು ಕೊಂದರು. ಆ ವರ್ಷ ನೊಬೆಲ್ ಸಮಿತಿ ಯೋಗ್ಯರಾದ, ಬದುಕಿರುವ ಅಭ್ಯರ್ಥಿ ಯಾರೂ ಇಲ್ಲ ಎಂದು ಯಾರಿಗೂ ಪ್ರಶಸ್ತಿ ಕೊಡಲಿಲ್ಲ. ಅದಕ್ಕೂ ಮುಂಚೆ ಹಲವು ವರ್ಷ ಗಾಂಧೀಜಿ ಹೆಸರು ಸಮಿತಿಯ ಮುಂದೆ ಇತ್ತು. ಆಗಲೂ ಕೊಟ್ಟಿರಲಿಲ್ಲ.

ನಿಮ್ಮ ಅನುಮಾನದಲ್ಲಿ ಹುರುಳಿಲ್ಲ ಎನ್ನಲಾರೆ. ಗುರುವಿಗೆ ಪ್ರಶಸ್ತಿ ಕೊಟ್ಟರೆ ಒಂದು ಅಪಾಯ ಇದ್ದೇ ಇದೆ. ಮೊದಲೇ ಪಾದಕ್ಕೆ ಬೀಳುವ ಜನ, ಆಮೇಲೆ ಗುರು ತಪ್ಪು ಮಾಡಿದರೂ ಬಾಯಿ ಬಿಡುವುದಿಲ್ಲ. ಪೂರ್ವ ತಿಮೋರಿನ ಬಿಷಪ್ ಕಾರ್ಲೋಸ್ ಬೆಲೊ ಅವರಿಗೆ 1996ರಲ್ಲಿ ನೊಬೆಲ್ ಬಂತು. ತಮ್ಮ ಜನರ ಪರ ಅವರು ನಿಂತಿದ್ದೂ ನಿಜ. ಆದರೆ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದರು ಎಂಬ ಆರೋಪ 2022ರಲ್ಲಿ ಹೊರಗೆ ಬಂತು. 2020ರಲ್ಲೇ ಅವರ ಮೇಲೆ ನಿರ್ಬಂಧ ಹಾಕಿದ್ದೇವೆ ಎಂದು ವ್ಯಾಟಿಕನ್ ಆಗ ಹೇಳಿತು. ಕೊಟ್ಟ ನೊಬೆಲ್ ವಾಪಸ್ ಪಡೆಯಲು ನಿಯಮದಲ್ಲಿ ದಾರಿ ಇಲ್ಲ. ಆದ್ದರಿಂದ ಕೆಲಸಕ್ಕೆ ಕೊಡಲಿ, ಪೀಠಕ್ಕೆ ಬೇಡ. ಮಠ ದೊಡ್ಡದು, ಭಕ್ತರು ಜಾಸ್ತಿ, ವಿದೇಶದಲ್ಲಿ ಶಾಖೆ ಇದೆ ಎಂಬ ಕಾರಣಕ್ಕಂತೂ ಬೇಡವೇ ಬೇಡ.

ಎಲ್ಲ ಬಿಟ್ಟವರಿಗೆ ಪ್ರಶಸ್ತಿ ಯಾಕೆ ಎಂದು ಕೇಳಿದ್ದೀರಿ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀಯನ್ನೇ ಬೇಡ ಎಂದರು. ಸನ್ಯಾಸಿಗೆ ಇದರ ಅಗತ್ಯವಿಲ್ಲ ಎಂದು ನಯವಾಗಿ ಪತ್ರ ಬರೆದರು. ಅವರನ್ನು ನೆನೆದರೆ ತಲೆ ತಾನಾಗಿ ಬಾಗುತ್ತದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಗೆ ಕರ್ನಾಟಕ ರತ್ನವೂ ಬಂತು, ಪದ್ಮಭೂಷಣವೂ ಬಂತು. ಅದರಿಂದ ಅವರ ಬೆಲೆ ಕಡಿಮೆಯಾಯಿತೇ? ಸಾವಿರಾರು ಮಕ್ಕಳ ಊಟದ ಪಂಕ್ತಿ ಒಂದು ದಿನವೂ ನಿಲ್ಲಲಿಲ್ಲ. ಬೇಡ ಎನ್ನುವುದು, ತೆಗೆದುಕೊಳ್ಳುವುದು ಅವರವರ ಮನಸ್ಸಿಗೆ ಬಿಟ್ಟದ್ದು. ಬಂದಿದ್ದನ್ನು ಏನು ಮಾಡಿದರು ಎನ್ನುವುದು ಮುಖ್ಯ. ಮದರ್ ತೆರೇಸಾ ಪ್ರಶಸ್ತಿಯ ಔತಣವನ್ನು ರದ್ದು ಮಾಡಿಸಿ ಆ ಹಣ ಬಡವರಿಗೆ ಕೊಡಿ ಎಂದರು. ಕಿಂಗ್ ಬಹುಮಾನದ ಹಣವನ್ನೆಲ್ಲ ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ಕೊಟ್ಟರು. 1967ರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಮಾತಾಡಿದಾಗ, ಆ ಪ್ರಶಸ್ತಿ ನನ್ನ ಮೇಲೆ ಹೊರಿಸಿದ ಜವಾಬ್ದಾರಿ ಇದು ಎಂದರು. ಅವರದೇ ಗೆಳೆಯರು, ಅವರದೇ ಪತ್ರಿಕೆಗಳು ಅದಕ್ಕಾಗಿ ಅವರನ್ನು ಬೈದವು.

ಧರ್ಮದಿಂದ ಜಗಳ ಮಾತ್ರ ಬಂದಿದ್ದಲ್ಲ ಮೇಷ್ಟ್ರೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ನೀವು ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿರುತ್ತೀರಿ. ಕೇದಾರೇಶ್ವರ ದೇವಸ್ಥಾನದ ಕೋಡಿಯಮಠದ ಬಗ್ಗೆ 1162ರ ಶಾಸನವೊಂದಿದೆ. ಅಲ್ಲಿ ಕುಂಟರು, ಕುರುಡರು, ಕಿವುಡರಿಗೆ ಊಟ ಇತ್ತು. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಇತ್ತು. ಶೈವರ ಮಠವಾದರೂ ಬೇರೆ ಪಂಥದ ಭಿಕ್ಷುಗಳಿಗೂ ಅನ್ನ ಇತ್ತು. ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಎಂದು ಶಾಸನ ಹೇಳುತ್ತದೆ. ಇದು ನಮ್ಮದೇ ಜಿಲ್ಲೆಯ ಕಲ್ಲಿನ ಮೇಲಿರುವ ಮಾತು. 2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಗಲಭೆಯಾಗಿ ಕರ್ಫ್ಯೂ ಇದ್ದಾಗ, ಗಾಂಧಿ ಬಜಾರಿನಲ್ಲಿ ಬಾಗಿಲು ಹಾಕಿದ ಅಂಗಡಿಗಳನ್ನು ನೋಡುತ್ತಾ ನನಗೆ ಆ ಕಲ್ಲು ನೆನಪಾಗಿತ್ತು.

ಒಂದು ಸಂಗತಿ ಹೇಳಲೇಬೇಕು. ಇಪ್ಪತ್ತೈದು ವರ್ಷದ ಹಿಂದೆ ನಾನು ಸೊರಬದ ಕಡೆ ತಾಲ್ಲೂಕು ವರದಿಗಾರ. ಒಂದು ಹಳ್ಳಿಯಲ್ಲಿ ಗಣಪತಿ ಬಿಡುವ ದಿನ. ಜಿಟಿಜಿಟಿ ಮಳೆ. ಟ್ರ್ಯಾಕ್ಟರ್ ಮೇಲೆ ಗಣಪತಿ, ಹಿಂದೆ ಜನರೇಟರ್, ಮುಂದೆ ಡೊಳ್ಳು. ದರ್ಗಾದ ಎದುರು ನಿಲ್ಲಿಸಿ ಬಾರಿಸಲೇಬೇಕೆಂದು ಹುಡುಗರು ಹಟ ಹಿಡಿದಿದ್ದರು. ಆ ಕಡೆಯೂ ಹುಡುಗರು ಸೇರಿದ್ದರು. ಆಗ ಊರ ಮಠದ ಅಯ್ಯನವರು ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಟ್ರ್ಯಾಕ್ಟರಿನ ಮುಂದೆ, ಕೆಸರಿನಲ್ಲೇ, ಕೂತುಬಿಟ್ಟರು. “ಇಲ್ಲಿ ನಿಲ್ಸೋದಾದ್ರೆ ನನ್ನ ಮೇಲೆ ಹತ್ತಿಸಿಕೊಂಡು ಹೋಗಿ” ಎಂದರು. ಅವರ ಮಠಕ್ಕೆ ಕಟ್ಟಿಗೆ ಹಾಕುವ ಮನೆಯ ಹುಡುಗರೇ ಅವರನ್ನು ಬೈದರು. ಅಯ್ಯನವರು ಏಳಲಿಲ್ಲ. ಕೊನೆಗೆ ಡೊಳ್ಳು ಬಾರಿಸುವವನೊಬ್ಬ ಹೆಗಲಿಂದ ಡೊಳ್ಳು ಇಳಿಸಿದ. ಗಣಪತಿ ಸುಮ್ನೆ ಕೆರೆಗೆ ಹೋಯಿತು. ಆಮೇಲೆ ನೋಡಿದರೆ, ಆ ಕಡೆ ಹಜ್ರತ್ ಒಬ್ಬರು ತಮ್ಮ ಹುಡುಗರನ್ನು ಒಳಗೆ ಕೂರಿಸಿ ಬಾಗಿಲಿಗೆ ಅಡ್ಡ ನಿಂತಿದ್ದರಂತೆ.

ಮರುದಿನ ನಾನು ಕಳಿಸಿದ ಸುದ್ದಿ ಮೂರು ಸಾಲು. “ಗಣಪತಿ ವಿಸರ್ಜನೆ ಶಾಂತಿಯುತ.” ಇಬ್ಬರ ಹೆಸರನ್ನೂ ಬರೆಯಲಿಲ್ಲ. ಏನೂ ಆಗಲಿಲ್ಲವಲ್ಲ, ಇದೇನು ಸುದ್ದಿ ಎಂದುಕೊಂಡಿದ್ದೆ. ಆ ತಪ್ಪು ನನ್ನದು. ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

ಇಬ್ಬರೂ ಈಗಿಲ್ಲ ಎಂದು ಕೇಳಿದೆ. ಡೊಳ್ಳು ಇಳಿಸಿದವನು ಇದ್ದಾನಂತೆ. ಮಳೆ ಹಿಡಿಯುವ ಮೊದಲು ಆ ಊರಿಗೆ ಹೋಗಿ, ನೋಡಿದವರನ್ನೆಲ್ಲ ಮಾತಾಡಿಸಿ, ಈ ಸಲ ಪೂರ್ತಿ ಬರೆಯುತ್ತೇನೆ, ಹೆಸರು ಸಮೇತ. ಸಾಗರದ ಮೇಲೇ ಬರುತ್ತೇನೆ ಮೇಷ್ಟ್ರೇ. ನಿಮಗೆ ಬಿಡುವಿದ್ದರೆ ಜೊತೆಗೆ ಬನ್ನಿ.

ನಿಮ್ಮ,
ಸಂಪಾದಕ